ಎರಡು ಊರುಗಳ ನಡುವಿನ ವಿಮಾನ ದೂರ ಮತ್ತು ಹಾರಾಟದ ಸಮಯ: ನೀವೇ ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ದೆಹಲಿಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 1,710 ಕಿ.ಮೀ., ಇನ್ನೊಂದು ಕಡೆ 1,740, ಮತ್ತೊಂದು ಕಡೆ 2,150, ಮಗದೊಂದು ಕಡೆ 2,300ಕ್ಕೂ ಮೇಲೆ ಎಂದು ಬರುತ್ತದೆ. ಯಾವುದೂ ಸುಳ್ಳಲ್ಲ. ಮೊದಲನೆಯದು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ನೇರ ದೂರ, ಎರಡನೆಯದು ಊರಿನ ನಡುವಿನಿಂದ ಊರಿನ ನಡುವಿಗೆ ನೇರ ದೂರ, ಮೂರನೆಯದು ಹೆದ್ದಾರಿಯದು, ನಾಲ್ಕನೆಯದು ರೈಲಿನದು. ಸಮಯದ ಕಥೆಯೂ ಇಷ್ಟೇ. ಒಂದು ಪುಟದಲ್ಲಿ ಎರಡು ಗಂಟೆ ಹತ್ತು ನಿಮಿಷ ಎಂದಿದ್ದರೆ ಟಿಕೆಟ್ಟಿನಲ್ಲಿ ಎರಡು ಗಂಟೆ ಐವತ್ತು ನಿಮಿಷ ಎಂದಿರುತ್ತದೆ. ಮನೆಯಿಂದ ಹೊರಟು ಅಲ್ಲಿನ ನೆಂಟರ ಮನೆ ಸೇರುವ ಹೊತ್ತಿಗೆ ಏಳು ಗಂಟೆ ಕಳೆದಿರುತ್ತದೆ.

ನಿಮಗೆ ಬೇಕಾದದ್ದು ಇವುಗಳಲ್ಲಿ ಯಾವ ಸಂಖ್ಯೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಲೆಕ್ಕ ಕಷ್ಟದ್ದೇನಲ್ಲ. ಹೈಸ್ಕೂಲಿನ ಗಣಿತ ಸ್ವಲ್ಪ ನೆನಪಿದ್ದರೆ, ಕೈಯಲ್ಲಿ ಫೋನ್ ಇದ್ದರೆ ಸಾಕು.

ಹಂತ 1: ಊರಿನ ಹೆಸರನ್ನು ಬಿಟ್ಟು ನಿಲ್ದಾಣದ ಹೆಸರು ಹಿಡಿಯಿರಿ

ವಿಮಾನ ಊರಿಗೆ ಹೋಗುವುದಿಲ್ಲ, ನಿಲ್ದಾಣಕ್ಕೆ ಹೋಗುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗುವವರೆಗೆ ಬೆಂಗಳೂರಿನವರಿಗೆ ಈ ವ್ಯತ್ಯಾಸ ಅಷ್ಟಾಗಿ ಕಾಡಿರಲಿಲ್ಲ. ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. ಈಗ ಮೆಜೆಸ್ಟಿಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಮೂವತ್ತೈದು ಕಿಲೋಮೀಟರಿಗೆ ಕಡಿಮೆಯಿಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಇನ್ನೂ ಇಪ್ಪತ್ತು ಸೇರಿಸಿಕೊಳ್ಳಿ.

ಒಂದೇ ಊರಿಗೆ ಎರಡು ನಿಲ್ದಾಣಗಳಿದ್ದರೆ ಎಚ್ಚರ ಹೆಚ್ಚು ಬೇಕು. ಗೋವಾ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣಕ್ಕೆ ಹಳೆಯ ದಾಬೋಲಿಂ, ಉತ್ತರದ ತುದಿಗೆ 2023ರ ಜನವರಿಯಿಂದ ವಿಮಾನ ಇಳಿಯುತ್ತಿರುವ ಮೋಪ. ಟಿಕೆಟ್ಟಿನಲ್ಲಿ ಎರಡಕ್ಕೂ ‘ಗೋವಾ’ ಎಂದೇ ದಪ್ಪಕ್ಷರದಲ್ಲಿ ಇರುತ್ತದೆ. ಪಕ್ಕದ ಸಣ್ಣ ಮೂರಕ್ಷರದ ಸಂಕೇತ ನೋಡಿ: ಜಿಒಐ ಎಂದರೆ ದಾಬೋಲಿಂ, ಜಿಒಎಕ್ಸ್ ಎಂದರೆ ಮೋಪ. ಬೆಂಗಳೂರಿನಿಂದ ಹಾರಾಟದ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಕಾರವಾರಕ್ಕೆ ಹೋಗಬೇಕಾದವರು ಮೋಪದಲ್ಲಿ ಇಳಿದರೆ ಇಡೀ ಗೋವಾ ರಾಜ್ಯವನ್ನು ಉದ್ದಕ್ಕೆ ದಾಟಬೇಕು. ಮುಂಬೈಗೂ ಈಗ ನವಿ ಮುಂಬೈ ಎಂಬ ಎರಡನೆಯ ನಿಲ್ದಾಣ ಬಂದಿದೆ. ಲಂಡನ್ ಎಂದರೆ ಹೀಥ್ರೂ ಇರಬಹುದು, ಗ್ಯಾಟ್‌ವಿಕ್ ಇರಬಹುದು, ಊರಿನ ಇನ್ನೊಂದು ದಿಕ್ಕಿನ ಸ್ಟಾನ್‌ಸ್ಟೆಡ್ ಕೂಡ ಇರಬಹುದು.

ಹಂತ 2: ನೇರ ದೂರವನ್ನು ಲೆಕ್ಕ ಹಾಕಿ

ಇದಕ್ಕೆ ಬೇಕಾದದ್ದು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಗೂಗಲ್ ಮ್ಯಾಪ್ಸ್‌ನಲ್ಲಿ ರನ್‌ವೇ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದಶಮಾಂಶದ ನಂತರ ಎರಡು ಅಂಕಿ ಸಾಕು.

ಬೆಂಗಳೂರು: 13.20 ಉತ್ತರ, 77.71 ಪೂರ್ವ
ದೆಹಲಿ: 28.57 ಉತ್ತರ, 77.10 ಪೂರ್ವ

ಭೂಮಿಯ ಮೇಲೆ ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111.2 ಕಿ.ಮೀ. ರೇಖಾಂಶ ಹಾಗಲ್ಲ. ಸಮಭಾಜಕ ವೃತ್ತದ ಮೇಲೆ ಅದೂ ಅಷ್ಟೇ ಇದ್ದರೂ ಧ್ರುವದ ಕಡೆಗೆ ಹೋದಂತೆ ಕಿರಿದಾಗುತ್ತದೆ. ಆದ್ದರಿಂದ ರೇಖಾಂಶದ ವ್ಯತ್ಯಾಸವನ್ನು ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಆಮೇಲಿನದು ನಮಗೆಲ್ಲ ಬಾಯಿಪಾಠವಾಗಿದ್ದ ಪೈಥಾಗೊರಸ್.

ಅಕ್ಷಾಂಶದ ವ್ಯತ್ಯಾಸ: 28.57 − 13.20 = 15.37
ರೇಖಾಂಶದ ವ್ಯತ್ಯಾಸ: 77.71 − 77.10 = 0.61
ಸರಾಸರಿ ಅಕ್ಷಾಂಶ 20.89, ಅದರ ಕೊಸೈನ್ 0.934. 0.61 × 0.934 = 0.57
ವರ್ಗಗಳ ಮೊತ್ತ: 236.24 + 0.32 = 236.56. ವರ್ಗಮೂಲ 15.38
15.38 × 111.2 = 1,710 ಕಿ.ಮೀ.

ಕೊಸೈನ್ ಒತ್ತಿದಾಗ 0.934 ಬರುವ ಬದಲು −0.45 ಎಂದು ಬಂದರೆ ಗಾಬರಿಯಾಗಬೇಡಿ. ಕ್ಯಾಲ್ಕ್ಯುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆ ಎಂದಷ್ಟೇ ಅರ್ಥ. ಮೂಲೆಯಲ್ಲಿರುವ ಗುಂಡಿ ಒತ್ತಿ ಬದಲಿಸಿಕೊಳ್ಳಿ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎರಡು ನಿಲ್ದಾಣಗಳ ರೇಖಾಂಶದಲ್ಲಿ ಒಂದು ಡಿಗ್ರಿಯೂ ಅಂತರವಿಲ್ಲ. ದೆಹಲಿ ನಮಗೆ ನೆಟ್ಟಗೆ ಉತ್ತರಕ್ಕಿದೆ. ಗಾಳಿಯ ವಿಷಯ ಬಂದಾಗ ಇದು ಮತ್ತೆ ಕೆಲಸಕ್ಕೆ ಬರುತ್ತದೆ.

ಮಂಗಳೂರಿಗೂ (12.96, 74.89) ಹೀಗೇ ಮಾಡಿ ನೋಡಿ, 307 ಕಿ.ಮೀ. ಆಸುಪಾಸು ಬರಬೇಕು. ಹುಬ್ಬಳ್ಳಿಗೆ (15.36, 75.08) 370 ಚಿಲ್ಲರೆ. ದೇಶದೊಳಗಿನ ಯಾವ ಪ್ರಯಾಣಕ್ಕೂ ಈ ವಿಧಾನ ಸಾಕು.

ಖಂಡ ದಾಟುವಾಗ ಇದು ಕೈಕೊಡುತ್ತದೆ. ಅಲ್ಲಿ ಭೂಮಿಯ ಗುಂಡನೆಯ ಆಕಾರವನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರ ಬೇಕು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದೆಡೆ ಇಟ್ಟುಕೊಳ್ಳಿ. ಅವೆರಡರ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದ ಗುಣಿಸಿ. ಎರಡನ್ನೂ ಕೂಡಿಸಿ, ಬಂದ ಸಂಖ್ಯೆಯ ವಿಲೋಮ ಕೊಸೈನ್ ತೆಗೆದರೆ ಡಿಗ್ರಿಯಲ್ಲಿ ಕೋನ ಸಿಗುತ್ತದೆ. ಅದನ್ನು 111.2ರಿಂದ ಗುಣಿಸಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.62 ಉತ್ತರ, 122.38 ಪಶ್ಚಿಮ. ಅದು ಪಶ್ಚಿಮದಲ್ಲಿರುವುದರಿಂದ ರೇಖಾಂಶಗಳನ್ನು ಕೂಡಿಸಬೇಕು, ಕಳೆಯಬಾರದು. ಮೊದಲ ಭಾಗ 0.139, ಎರಡನೆಯದು −0.724, ಮೊತ್ತ −0.585. ಕೋನ 125.8 ಡಿಗ್ರಿ. ದೂರ ಸುಮಾರು 13,990 ಕಿ.ಮೀ.

ಇಷ್ಟೆಲ್ಲ ಬೇಡ ಎನ್ನುವವರು ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಬಲಗುಂಡಿ ಒತ್ತಿ ದೂರ ಅಳೆಯುವ ಆಯ್ಕೆ ಬಳಸಬಹುದು. ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣದಲ್ಲಿ ಎರಡು ನಿಲ್ದಾಣಗಳ ಸಂಕೇತ ಬರೆದರೂ ಉತ್ತರ ಬರುತ್ತದೆ. ಉತ್ತರ ನಾಟಿಕಲ್ ಮೈಲಿಯಲ್ಲಿ ಬಂದಿದ್ದರೆ 1.852ರಿಂದ ಗುಣಿಸುವುದನ್ನು ಮರೆಯಬೇಡಿ.

ಹಂತ 3: ವಿಮಾನ ನಿಜಕ್ಕೂ ಸಾಗುವ ದಾರಿಗೆ ಸರಿಹೊಂದಿಸಿ

ನೇರ ದೂರವೆಂದರೆ ಅದಕ್ಕಿಂತ ಕಡಿಮೆಯಲ್ಲಿ ಹೋಗಲು ಸಾಧ್ಯವೇ ಇಲ್ಲ ಎಂಬ ಗಡಿ. ವಿಮಾನ ಯಾವ ದಿಕ್ಕಿಗೆ ಮೇಲೇರಬೇಕು ಎಂಬುದು ಗಾಳಿ ಮತ್ತು ರನ್‌ವೇಗೆ ಬಿಟ್ಟ ಮಾತು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ದೆಹಲಿಗೆ ಹೊರಟ ವಿಮಾನವೂ ಮೊದಲು ಪೂರ್ವಕ್ಕೋ ಪಶ್ಚಿಮಕ್ಕೋ ಏರಿ ಆಮೇಲೆ ಉತ್ತರಕ್ಕೆ ತಿರುಗಬೇಕು. ನಡುವೆ ನಿಗದಿತ ವಾಯುಮಾರ್ಗಗಳು, ವಾಯುಪಡೆಗೆ ಮೀಸಲಾದ ಪ್ರದೇಶಗಳು. ದೆಹಲಿ ಹತ್ತಿರವಾದಾಗ ಇಳಿಯುವ ಸಾಲು. ಇವಕ್ಕೆಲ್ಲ ಸೇರಿ ನೇರ ದೂರಕ್ಕೆ ನೂರಕ್ಕೆ ಐದರಷ್ಟು ಕೂಡಿಸುವುದು ನನ್ನ ರೂಢಿ. ಮಂಗಳೂರಿನಂಥ ಸಣ್ಣ ಹಾರಾಟಕ್ಕೆ ಹತ್ತು. ದೆಹಲಿಗೆ ಹೀಗೆ 1,800 ಕಿ.ಮೀ. ಆಯಿತು.

ದೂರದ ಪ್ರಯಾಣಗಳಲ್ಲಿ ವಿಷಯ ಹೆಚ್ಚು ಸ್ವಾರಸ್ಯಕರ. ಮನೆಯಲ್ಲಿ ಮಕ್ಕಳ ಭೂಗೋಳವಿದ್ದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಹತ್ತಿ ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾದ ಮೇಲೆ ಹಾದು ಕೆಳಗಿಳಿಯುತ್ತದೆ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯನ್ನು ನೋಡಿ ಬೆಳೆದ ಕಣ್ಣಿಗೆ ಇದು ಸುತ್ತುದಾರಿಯಂತೆ ಕಾಣುತ್ತದೆ, ಅಷ್ಟೆ.

ಆದರೆ ಈ ದಾರದ ಮೇಲೇ ವಿಮಾನ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ನಾಲ್ಕೂವರೆ ಸಾವಿರ ಮೀಟರಿಗೂ ಮಿಗಿಲು. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಬೇಗನೆ ಹತ್ತು ಸಾವಿರ ಅಡಿಗೆ, ಅಂದರೆ ಸುಮಾರು ಮೂರು ಸಾವಿರ ಮೀಟರಿಗೆ ಇಳಿಸಬೇಕು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ನಿಮಿಷಕ್ಕಷ್ಟೇ ಇರುತ್ತದೆ. ಟಿಬೆಟ್ಟಿನ ಮೇಲೆ ಇಳಿಯಲು ಆ ಎತ್ತರವೇ ಇಲ್ಲ, ನೆಲವೇ ಅದಕ್ಕಿಂತ ಮೇಲಿದೆ. ಹಾಗಾಗಿ ಬಳಸಿಕೊಂಡು ಹೋಗುತ್ತಾರೆ. 2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಉತ್ತರ ಧ್ರುವದ ದಾರಿ ಹಿಡಿದು ಬಂದಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ.

ರಾಜಕೀಯವೂ ದೂರವನ್ನು ಹಿಗ್ಗಿಸುತ್ತದೆ. ಪಾಕಿಸ್ತಾನ 2019ರ ಫೆಬ್ರವರಿಯಿಂದ ಜುಲೈವರೆಗೆ ಒಮ್ಮೆ, 2025ರ ಏಪ್ರಿಲ್‌ನಿಂದ ಮತ್ತೊಮ್ಮೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಎರಡನೆಯ ಬಾರಿ ಅದು ಭಾರತದ ವಿಮಾನಗಳಿಗೆ ಮಾತ್ರ. ಅದರ ಬಿಸಿ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ತಟ್ಟಿದಷ್ಟು ಬೆಂಗಳೂರಿನಿಂದ ದುಬೈಗೆ ಹೋಗುವವರಿಗೆ ತಟ್ಟುವುದಿಲ್ಲ, ಏಕೆಂದರೆ ನಮ್ಮ ದಾರಿ ಅರಬ್ಬಿ ಸಮುದ್ರದ ಮೇಲೆ. 2022ರ ನಂತರ ಯುರೋಪ್, ಅಮೆರಿಕದ ಕಂಪನಿಗಳು ರಷ್ಯಾದ ಮೇಲೆ ಹಾರುತ್ತಿಲ್ಲ. ಏರ್ ಇಂಡಿಯಾ ಹಾರುವುದನ್ನು ಬಿಡಲಿಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಅದರ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮೂಲೆಯ ಮಗದಾನ್‌ನಲ್ಲಿ ಇಳಿದಾಗ, ಮಗದಾನ್ ಎಂಬ ಊರೊಂದಿದೆ ಎಂದು ನಮ್ಮಲ್ಲಿ ಅನೇಕರಿಗೆ ಮೊದಲ ಸಲ ತಿಳಿಯಿತು. ಅಂದರೆ, ಅದೇ ಎರಡು ಊರುಗಳ ನಡುವೆ ಹಾರುವ ಸಮಯ ಯಾವ ದೇಶದ ಕಂಪನಿಯ ವಿಮಾನ ಎಂಬುದರ ಮೇಲೂ ಬದಲಾಗಬಹುದು. ದೂರದ ಪ್ರಯಾಣಕ್ಕೆ ಐದರ ಬದಲು ಐದರಿಂದ ಹತ್ತು ಪ್ರತಿಶತ ಎಂದು ಇಟ್ಟುಕೊಳ್ಳಿ.

ಹಂತ 4: ದೂರವನ್ನು ಸಮಯವಾಗಿಸಿ

ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ ಎ320, ಬೋಯಿಂಗ್ 737 ವಿಮಾನಗಳ ವೇಗ ಗಂಟೆಗೆ ಸುಮಾರು 830 ಕಿ.ಮೀ. ಖಂಡ ದಾಟುವ ಬೋಯಿಂಗ್ 777ರಂಥವು 900ರ ಹತ್ತಿರ. ಸಣ್ಣ ಊರುಗಳಿಗೆ ಬರುವ, ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ 72 ವಿಮಾನದ್ದು 500. ಟಿಕೆಟ್ ಕೊಳ್ಳುವಾಗ ವಿಮಾನದ ಮಾದರಿ ನೋಡಿಕೊಳ್ಳಿ.

ದೂರವನ್ನು ವೇಗದಿಂದ ಭಾಗಿಸಿ. ಏರುವಾಗ, ಇಳಿಯುವಾಗ ನಿಧಾನವಾಗುವುದಕ್ಕೆ ಹದಿನೈದು ನಿಮಿಷ ಕೂಡಿಸಿ. ಇದು ಗಾಳಿಯಲ್ಲಿರುವ ಸಮಯ. ಇದರ ಮೇಲೆ ನೆಲದಲ್ಲಿ ಉರುಳುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಸೇರಿಸಿದರೆ ಟಿಕೆಟ್ಟಿನಲ್ಲಿರುವ ಸಮಯಕ್ಕೆ ಹತ್ತಿರ ಬರುತ್ತೀರಿ. ವಿಮಾನ ಕಂಪನಿಗಳ ವೇಳಾಪಟ್ಟಿ ಚಕ್ರ ನೆಲ ಬಿಟ್ಟ ಕ್ಷಣದಿಂದ ಎಣಿಸುವುದಿಲ್ಲ. ಗೇಟಿನಿಂದ ಹಿಂದಕ್ಕೆ ತಳ್ಳಿದ ಕ್ಷಣದಿಂದ ಆ ಕಡೆಯ ಗೇಟಿನಲ್ಲಿ ನಿಂತ ಕ್ಷಣದವರೆಗೆ ಎಣಿಸುತ್ತದೆ.

ದೆಹಲಿ: 1,800 ÷ 830 = 2 ಗಂಟೆ 10 ನಿಮಿಷ. ಹದಿನೈದು ಸೇರಿ 2 ಗಂಟೆ 25. ನೆಲದ ಸಮಯ ಸೇರಿ 2 ಗಂಟೆ 50.
ಮಂಗಳೂರು: 340 ÷ 830 = 25 ನಿಮಿಷ. ಹದಿನೈದು ಸೇರಿ 40. ನೆಲದ ಸಮಯ ಸೇರಿ ಒಂದು ಗಂಟೆ.
ದುಬೈ: ನೇರ ದೂರ ಸುಮಾರು 2,700, ಐದು ಪ್ರತಿಶತ ಸೇರಿ 2,830. ಎಲ್ಲ ಕೂಡಿ 4 ಗಂಟೆ ಚಿಲ್ಲರೆ.
ಸ್ಯಾನ್ ಫ್ರಾನ್ಸಿಸ್ಕೊ: 14,800 ÷ 900 = ಸುಮಾರು ಹದಿನಾರೂವರೆ ಗಂಟೆ. ಎಲ್ಲ ಸೇರಿ 17 ಗಂಟೆ 15 ನಿಮಿಷ.

ದೆಹಲಿಯ ದೂರ ಮಂಗಳೂರಿನ ಐದೂವರೆ ಪಟ್ಟು, ಸಮಯ ಮಾತ್ರ ಮೂರು ಪಟ್ಟಿಗೂ ಕಡಿಮೆ. ಏರಿ ಇಳಿಯುವ, ಉರುಳುವ ಸಮಯ ಎಲ್ಲಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ಹತ್ತಿರದ ಊರಿಗೆ ವಿಮಾನ ಏಕೆ ಅಷ್ಟು ಲಾಭವಲ್ಲ ಎಂಬುದರ ಗುಟ್ಟು ಇಲ್ಲಿದೆ.

ನಿಮ್ಮ ಲೆಕ್ಕಕ್ಕಿಂತ ಟಿಕೆಟ್ಟಿನಲ್ಲಿ ಹತ್ತಿಪ್ಪತ್ತು ನಿಮಿಷ ಹೆಚ್ಚೇ ಇದ್ದರೆ ಅಚ್ಚರಿಯಿಲ್ಲ. ನಿಗದಿತ ಸಮಯದಿಂದ ಹದಿನೈದು ನಿಮಿಷದೊಳಗಿದ್ದರೆ ವಿಮಾನ ‘ಸಮಯಕ್ಕೆ ಸರಿಯಾಗಿ’ ಬಂತು ಎಂದೇ ಲೆಕ್ಕ. ಆ ಹೆಸರು ಉಳಿಸಿಕೊಳ್ಳಲು ಕಂಪನಿಗಳು ವೇಳಾಪಟ್ಟಿಯಲ್ಲೇ ಒಂದಿಷ್ಟು ಸಡಿಲ ಇಟ್ಟಿರುತ್ತವೆ. ತಡವಾಗಿ ಹೊರಟ ವಿಮಾನ ಬೇಗ ತಲುಪಿತು ಎಂದು ಪ್ರಯಾಣಿಕರು ಪೈಲಟ್‌ನನ್ನು ಹೊಗಳುವುದುಂಟು. ಹೊಗಳಿಕೆಯಲ್ಲಿ ಅರ್ಧ ವೇಳಾಪಟ್ಟಿ ಬರೆದವರಿಗೆ ಸಲ್ಲಬೇಕು.

ಹಂತ 5: ಗಾಳಿಯನ್ನು ಮರೆಯಬೇಡಿ

ಹೋಗುವ ಸಮಯ, ಬರುವ ಸಮಯ ಬೇರೆಬೇರೆ ಏಕೆ ಎಂದರೆ, ಭೂಮಿ ತಿರುಗುತ್ತದಲ್ಲ ಎಂದು ಹಲವರು ಹೇಳುತ್ತಾರೆ. ಭೂಮಿಯ ಜೊತೆಗೆ ವಾತಾವರಣವೂ ತಿರುಗುತ್ತದೆ, ಅದರೊಳಗಿನ ವಿಮಾನವೂ ತಿರುಗುತ್ತದೆ. ಆ ತಿರುಗುವಿಕೆ ನೇರವಾಗಿ ಸಮಯವನ್ನು ಉಳಿಸುವುದಿಲ್ಲ. ವ್ಯತ್ಯಾಸ ತರುವುದು ಮೇಲ್ಗಾಳಿ. ಉತ್ತರ ಭಾರತದಿಂದ ಮೇಲಕ್ಕೆ, ಹತ್ತು–ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ರಭಸವಾಗಿ ಬೀಸುತ್ತದೆ. ಗಂಟೆಗೆ 150 ಕಿ.ಮೀ. ಮೀರುವುದು ಅಪರೂಪವೇನಲ್ಲ. ಲಂಡನ್ನಿನಿಂದ ಬೆಂಗಳೂರಿಗೆ ಬರುವಾಗ ಇದು ಬೆನ್ನಿಗೆ, ಹೋಗುವಾಗ ಮುಖಕ್ಕೆ. ಸುಮಾರು 8,050 ಕಿ.ಮೀ. ದೂರದ ಈ ದಾರಿಯಲ್ಲಿ ಹೋಗುವುದಕ್ಕೆ ಬರುವುದಕ್ಕಿಂತ ಮುಕ್ಕಾಲು ಗಂಟೆ, ಒಂದು ಗಂಟೆ ಹೆಚ್ಚು ಹಿಡಿಯುವುದು ಸಹಜ.

ದೆಹಲಿ ನೆಟ್ಟಗೆ ಉತ್ತರಕ್ಕಿರುವುದರಿಂದ ಈ ಗಾಳಿ ಪಕ್ಕದಿಂದ ಬೀಸುತ್ತದೆ. ಹೋಗುವುದಕ್ಕೂ ಬರುವುದಕ್ಕೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ನಿಮ್ಮ ಲೆಕ್ಕಕ್ಕೆ ಇಷ್ಟು ಸಾಕು: ಉತ್ತರ–ದಕ್ಷಿಣ ಪ್ರಯಾಣವಾದರೆ ಗಾಳಿಯನ್ನು ಬಿಟ್ಟುಬಿಡಿ. ಪೂರ್ವ–ಪಶ್ಚಿಮದ ದೂರಪ್ರಯಾಣವಾದರೆ ಪಶ್ಚಿಮಕ್ಕೆ ಹೋಗುವಾಗ ಐದು ಪ್ರತಿಶತ ಕೂಡಿಸಿ, ಪೂರ್ವಕ್ಕೆ ಬರುವಾಗ ಅಷ್ಟೇ ಕಳೆಯಿರಿ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲ್ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಬೀಸುತ್ತದೆ. ಸಣ್ಣ ಹಾರಾಟಗಳಲ್ಲಿ ಅದರ ಪರಿಣಾಮ ಕೆಲವೇ ನಿಮಿಷ.

ಹಂತ 6: ಅಲ್ಲಿನ ಗಡಿಯಾರಕ್ಕೆ ಬದಲಿಸಿ

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಕಳೆದರೆ ಹಾರಾಟದ ಸಮಯ ಸಿಗುವುದಿಲ್ಲ. ವಿಧಾನ ಒಂದೇ: ಮೊದಲು ಹೊರಡುವ ಊರಿನ ಗಡಿಯಾರದಲ್ಲೇ ಪೂರ್ತಿ ಪ್ರಯಾಣ ಮುಗಿಸಿ, ಆಮೇಲೆ ವ್ಯತ್ಯಾಸ ಹಾಕಿ.

ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ 17 ಗಂಟೆ 15 ನಿಮಿಷದ ನಂತರ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 7.15. ಹದಿಮೂರೂವರೆ ಕಳೆದರೆ ಅಲ್ಲಿ ಅದೇ ದಿನ ಸಂಜೆ 5.45. ವಾಪಸ್ ಬರುವಾಗ ಕಳೆದ ದಿನದ ಬಾಕಿ ತೀರಿಸಬೇಕು. ಮೇಲೆ ಹೇಳಿದ ಮೊದಲ ವಿಮಾನವೂ ಶನಿವಾರ ರಾತ್ರಿ ಅಲ್ಲಿಂದ ಹೊರಟು ಸೋಮವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ ಸಣ್ಣದಾಗಿ +2 ಎಂದಿರುತ್ತದೆ. ಕರೆತರಲು ಬರುವವರಿಗೆ ಸಮಯ ಹೇಳುವಾಗ ತಾರೀಖನ್ನೂ ಹೇಳಿ, ಸಾಧ್ಯವಾದರೆ ‘ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ’ ಎಂದು ಬಿಡಿಸಿ ಹೇಳಿ.

ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. ವ್ಯತ್ಯಾಸ ಐದೂವರೆಯಿಂದ ನಾಲ್ಕೂವರೆಗೆ ಇಳಿಯುತ್ತದೆ. ದುಬೈ ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ.

ನಡುವೆ ಇಳಿದು ಹತ್ತುವ ಪ್ರಯಾಣವಾದರೆ ಪ್ರತಿ ತುಂಡನ್ನೂ ಬೇರೆಯಾಗಿ ಲೆಕ್ಕ ಹಾಕಿ. ದುಬೈ ಮೂಲಕ ಸ್ಯಾನ್ ಫ್ರಾನ್ಸಿಸ್ಕೊಗೆ 2,700 ಮತ್ತು 13,040, ಒಟ್ಟು 15,740 ಕಿ.ಮೀ. ನೇರ ದೂರಕ್ಕಿಂತ ಹೆಚ್ಚಾದದ್ದು 1,750 ಮಾತ್ರ, ಎರಡು ಗಂಟೆಯ ಹಾರಾಟ. ಸಮಯ ತಿನ್ನುವುದು ದುಬೈನಲ್ಲಿ ಕಾಯುವ ಹೊತ್ತು.

ಹಂತ 7: ಮನೆಯಿಂದ ಮನೆಗೆ

ತೀರ್ಮಾನ ಮಾಡಬೇಕಾದದ್ದು ಈ ಸಂಖ್ಯೆಯಿಂದಲೇ. ಜಯನಗರದಿಂದ ಮಂಗಳೂರಿನ ಹಂಪನಕಟ್ಟೆಗೆ ಹೋಗುವವರ ಲೆಕ್ಕ ನೋಡಿ. ಮನೆಯಿಂದ ವಿಮಾನ ನಿಲ್ದಾಣಕ್ಕೆ ಸಂಜೆಯ ಸಂಚಾರದಲ್ಲಿ ಒಂದೂವರೆ ಗಂಟೆಯಾದರೂ ಬೇಕು. ಚೆಕ್‌-ಇನ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುವುದರಿಂದ, ಭದ್ರತಾ ತಪಾಸಣೆಯ ಸಾಲು ನೆನೆದು, ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಸಾಮಾನು ಬರಲು ಇಪ್ಪತ್ತು ನಿಮಿಷ. ಬಜ್ಪೆಯ ಗುಡ್ಡದಿಂದ ಊರೊಳಗೆ ಮುಕ್ಕಾಲು ಗಂಟೆ. ಐದು ಗಂಟೆ ದಾಟಿತು. ರಾತ್ರಿಯ ಸ್ಲೀಪರ್ ಬಸ್ ಏಳೆಂಟು ಗಂಟೆಯಲ್ಲಿ, ನೀವು ಮಲಗಿರುವಾಗಲೇ ತಲುಪಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಯಲಹಂಕದವರು ವಿಮಾನ ಹತ್ತಲಿ, ಯಶವಂತಪುರದವರು ಬಸ್ ಹತ್ತಲಿ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿಯುವ ತಿಂಗಳುಗಳಲ್ಲಿ ಮಾತ್ರ ಈ ತೀರ್ಪು ತಿರುವುಮುರುವಾಗಬಹುದು. ಆಗಲೂ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಗೆ ಜೋರು ಮಳೆಯಲ್ಲಿ ಇಳಿಯಲಾಗದೆ ವಿಮಾನ ಬೇರೆ ಊರಿಗೆ ತಿರುಗುವುದುಂಟು. ದೆಹಲಿಗೆ ಈ ಚರ್ಚೆಯೇ ಇಲ್ಲ. ಮನೆಯಿಂದ ಮನೆಗೆ ಏಳು ಗಂಟೆಯೇ ಹಿಡಿಯಲಿ, ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ಮೀರುತ್ತದೆ.

ಮೈಸೂರಿನವರು ನಿಲ್ದಾಣಕ್ಕೇ ನೇರವಾಗಿ ಬರುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹಿಡಿದರೆ ಬೆಂಗಳೂರಿನೊಳಗೆ ಇಳಿದು ಹತ್ತುವ ಗೋಜು ತಪ್ಪುತ್ತದೆ. ಬೆಂಗಳೂರಿನವರಿಗೆ ವಾಯುವಜ್ರ ಬಸ್ಸುಗಳಿವೆ. ವಿದೇಶ ಪ್ರಯಾಣವಾದರೆ ಒಂದೂವರೆ ಗಂಟೆಯ ಜಾಗದಲ್ಲಿ ಮೂರು ಗಂಟೆ ಹಾಕಿಕೊಳ್ಳಿ.

ಹಂತ 8: ಲೆಕ್ಕವನ್ನು ನಿಜದ ಜೊತೆ ತಾಳೆ ನೋಡಿ

ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ನಿಮ್ಮ ವಿಮಾನದ ಸಂಖ್ಯೆ ಬರೆದರೆ ಹಿಂದಿನ ದಿನಗಳಲ್ಲಿ ಅದು ಯಾವಾಗ ಮೇಲೇರಿತು, ಯಾವಾಗ ಇಳಿಯಿತು ಎಂಬುದೆಲ್ಲ ಸಿಗುತ್ತದೆ. ಒಂದು ವಾರದ್ದನ್ನು ನೋಡಿ. ಸರಾಸರಿ ತೆಗೆಯುವ ಬದಲು ಅತಿ ತಡವಾದ ದಿನವನ್ನು ಹಿಡಿದು ಯೋಜನೆ ಹಾಕಿಕೊಳ್ಳಿ. ಅದರಲ್ಲೂ ಮುಂದೆ ಇನ್ನೊಂದು ವಿಮಾನ ಹಿಡಿಯುವುದಿದ್ದು, ಎರಡೂ ಬೇರೆಬೇರೆ ಟಿಕೆಟ್ಟುಗಳಾಗಿದ್ದರೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಕಂಪನಿಗಳು ಜವಾಬ್ದಾರಿ ಹೊರುವುದಿಲ್ಲ. ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ವ್ಯವಸ್ಥೆ ಅವರ ಹೊಣೆ.

ಡಿಸೆಂಬರ್, ಜನವರಿಯಲ್ಲಿ ದೆಹಲಿಗೆ ಬೆಳಗಿನ ವಿಮಾನ ಹಿಡಿಯುವವರಿಗೆ ಮಂಜು ಎರಡೂ ಕಡೆ ಕಾಟ ಕೊಡುತ್ತದೆ. ದೇವನಹಳ್ಳಿಯಲ್ಲೂ ಚಳಿಗಾಲದ ನಸುಕಿನಲ್ಲಿ ರನ್‌ವೇ ಕಾಣದಂತೆ ಮಂಜು ಕವಿಯುವುದಿದೆ. ಆ ಎರಡು ತಿಂಗಳು, ಮಧ್ಯಾಹ್ನ ಹನ್ನೆರಡರ ನಂತರ ದೆಹಲಿ ತಲುಪುವ ವಿಮಾನ ಆರಿಸಿಕೊಳ್ಳಿ. ಉಳಿದ ಕಾಲದಲ್ಲಿ ಬೆಳಗಿನ ಮೊದಲ ವಿಮಾನವೇ ಮೇಲು, ಏಕೆಂದರೆ ಅದು ಹೆಚ್ಚಾಗಿ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ. ಸಂಜೆಯ ವಿಮಾನವಾದರೆ ಹೊರಡುವ ಮುನ್ನ, ನಿಮ್ಮನ್ನು ಕರೆದೊಯ್ಯಬೇಕಾದ ಅದೇ ವಿಮಾನ ಆ ಹೊತ್ತಿಗೆ ಎಲ್ಲಿದೆ ಎಂದು ನೋಡಿ. ಆರು ಗಂಟೆಗೆ ಬೆಂಗಳೂರಿನಿಂದ ಹೊರಡಬೇಕಾದದ್ದು ಐದೂಕಾಲಿಗೆ ಇನ್ನೂ ನಾಗಪುರದ ಮೇಲಿದ್ದರೆ, ಕಂಪನಿಯ ಸಂದೇಶ ಬರುವ ಮೊದಲೇ ನಿಮಗೆ ವಿಷಯ ಗೊತ್ತಾಗಿರುತ್ತದೆ. ಹಾಗೆಂದು ಮನೆಯಿಂದ ತಡವಾಗಿ ಹೊರಡಬೇಡಿ. ಬದಲಿ ವಿಮಾನ ಸಿಕ್ಕಿ ಅದು ಸಮಯಕ್ಕೇ ಹೊರಟುಬಿಡಬಹುದು, ಚೆಕ್‌-ಇನ್ ಕೂಡ ಮೊದಲಿನ ಸಮಯಕ್ಕೇ ಮುಚ್ಚಬಹುದು.